ಪಾಟಾ ಮತ್ತು ಪಾಟ್ಲಿ

ಬೀಸುವ ಕಲ್ಲಿನ ಗೂಟ ಮುರಿದರೆ ಹೊಸದು ಹಾಕಿಸುತ್ತೇವೆ. ಕಲ್ಲು ನುಣ್ಣಗಾದರೆ ಉಳಿಯಿಂದ ಮುಳ್ಳು ಹೊಡೆಸುತ್ತೇವೆ. ಒಂದು ದಿನ ಮೇಲಿನ ಕಲ್ಲೇ ಸೀಳಿದರೆ ಸಂತೆಯಿಂದ ಬೇರೆಯದನ್ನು ತಂದು ಕೂಡಿಸುತ್ತೇವೆ. ಇಷ್ಟಾದರೂ ಕೇಳಿದವರಿಗೆ "ಇದು ನಮ್ಮ ಅಜ್ಜಿಯ ಕಾಲದ ಕಲ್ಲು" ಎಂದೇ ಹೇಳುತ್ತೇವೆ. ಸುಳ್ಳು ಹೇಳಿದೆವೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಅದೇ ಕಲ್ಲನ್ನು ಅಂಗಳದಲ್ಲಿಟ್ಟು, ಬಣ್ಣ ಬಳಿದು, ಮೇಲೊಂದು ಹೂವಿನ ಕುಂಡ ಕೂಡಿಸಿದರೆ ಮನಸ್ಸಿಗೆ ಏನೋ ಚುಚ್ಚುತ್ತದೆ. ಕಲ್ಲಿನ ಒಂದು ಚೂರೂ ಬದಲಾಗಿರುವುದಿಲ್ಲ. ಎಲ್ಲ ಬದಲಾದ ಕಲ್ಲು ಅಜ್ಜಿಯದು, ಏನೂ ಬದಲಾಗದ ಕಲ್ಲು ಅಜ್ಜಿಯದಲ್ಲ. ಇದು ಎಂಥ ಲೆಕ್ಕ?

ಈ ಲೆಕ್ಕ ನನ್ನ ತಲೆಯೊಳಗೆ ಹೊಕ್ಕದ್ದು ಕಲ್ಲಿನಿಂದಲ್ಲ, ಒಂದು ಗಾಡಿಯಿಂದ. ನಮ್ಮ ಅಣ್ಣ 1991ರಲ್ಲಿ ಕೊಂಡ ಹಳೆಯ ಪಿಕಪ್ ಅದು. ಮೂತಿ ಮಹೀಂದ್ರ ಜೀಪಿನದು, ಹಿಂದೆ ತೆರೆದ ಡಬ್ಬಿ. 1978ರ ಮಾಡೆಲ್. ಮೂವತ್ತು ವರ್ಷ ಅದು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೊತ್ತಿದೆ, ರಾಣೆಬೆನ್ನೂರಿನಿಂದ ಬೀಜ ಗೊಬ್ಬರ ತಂದಿದೆ, ಹಾವೇರಿಯ ದವಾಖಾನೆಗೆ ಬಸುರಿಯರನ್ನು ಒಯ್ದಿದೆ. ಅಣ್ಣ ತೀರಿಕೊಂಡ ಮೇಲೆ ಎರಡು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಈಗ ಅಣ್ಣನ ಮಗ ಅದನ್ನು ಹೊರಗೆ ತೆಗೆದಿದ್ದಾನೆ. ಅವನ ಆಸೆ ಏನೆಂದರೆ, ಗಾಡಿಯ ಮುಂಭಾಗವನ್ನು ತಗ್ಗಿಸಬೇಕು. ನೆಲಕ್ಕೆ ಹತ್ತಿದಂತೆ ಕೂಡಬೇಕು. ಅದಕ್ಕಾಗಿ ಮುಂದಿನ ಆಕ್ಸಲ್ಲನ್ನೂ ಕಮಾನು ಪಾಟಾಗಳನ್ನೂ ಪೂರ್ತಿ ಬಿಚ್ಚಿ ಒಗೆದು, ಗುಜರಿಯಲ್ಲಿ ಸಿಕ್ಕ ಕಾರಿನ ಮುಂಭಾಗವನ್ನು ತಂದು ಚಾಸಿಗೆ ಬೆಸೆಯುವುದು ಎಂದು ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಒಂದು ಗ್ಯಾರೇಜಿನವರೊಂದಿಗೆ ಮಾತಾಡಿ ಬಂದಿದ್ದ.

ನಮ್ಮಂಥವರಿಗೆ ಗಾಡಿಯ ಹೊಟ್ಟೆಯೊಳಗಿನದು ಏನು ಗೊತ್ತು ಎಂದುಕೊಳ್ಳಬೇಡಿ. ಹೊಲಿಗೆ ಯಂತ್ರ ತಿಳಿದವಳಿಗೆ ಇದೂ ತಿಳಿಯುತ್ತದೆ. ಹಳೆಯ ಜೀಪಿನಲ್ಲಿ ಮುಂದಿನ ಎರಡು ಗಾಲಿಗಳನ್ನು ಒಂದೇ ಕಬ್ಬಿಣದ ದೂಲ ಕೂಡಿಸಿರುತ್ತದೆ. ಅದರ ಭಾರ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ. ಒಂದರ ಕೆಳಗೊಂದು ಜೋಡಿಸಿದ ಆ ಪಟ್ಟಿಗಳೇ ಪಾಟಾ. ಎಡಗಾಲಿ ಗುಂಡಿಗೆ ಇಳಿದರೆ ಬಲಗಾಲಿಯೂ ವಾಲುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಕಾರುಗಳಲ್ಲಿ ಈ ದೂಲವಿಲ್ಲ. ಪ್ರತಿ ಗಾಲಿಗೂ ತನ್ನದೇ ತೋಳು, ತನ್ನದೇ ಸುರುಳಿ ಸ್ಪ್ರಿಂಗು. ಒಂದು ಗಾಲಿ ಕುಣಿದರೆ ಇನ್ನೊಂದು ಸುಮ್ಮನಿರುತ್ತದೆ. ಗಾಡಿ ಮೆತ್ತಗೆ ಓಡುತ್ತದೆ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ದೂಲ ಇಲ್ಲದ್ದರಿಂದ ಎಂಜಿನ್ನು ಕೆಳಗೆ ಕೂಡಬಹುದು, ಮೂತಿ ತಗ್ಗುತ್ತದೆ.

ಇಷ್ಟು ಲಾಭವಿದ್ದರೆ ತಂಟೆ ಯಾಕೆ? ಯಾಕೆಂದರೆ ಹೊಸ ತೋಳುಗಳನ್ನು ಕೂಡಿಸುವ ಜಾಗ ಒಂದು ನೂಲು ತಪ್ಪಿದರೂ ಗಾಲಿ ಓರೆಯಾಗಿ ನಿಲ್ಲುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಾಲಿ ಮೇಲೆ ಕೆಳಗೆ ಆಡುವಾಗ ಸ್ಟಿಯರಿಂಗಿನ ರಾಡು ಮತ್ತು ಗಾಲಿಯ ತೋಳು ಒಂದೇ ಬಾಗಿನಲ್ಲಿ ಚಲಿಸಬೇಕು. ಚಲಿಸದಿದ್ದರೆ, ಕೈಯಲ್ಲಿ ಸ್ಟಿಯರಿಂಗ್ ನೆಟ್ಟಗೆ ಹಿಡಿದಿದ್ದರೂ ಪ್ರತಿ ಗುಂಡಿಗೆ ಗಾಡಿ ತಾನಾಗಿ ಪಕ್ಕಕ್ಕೆ ಜಗ್ಗುತ್ತದೆ. ನಮ್ಮ ಹಳ್ಳಿಯ ರಸ್ತೆಯಲ್ಲಿ ಗುಂಡಿಗೇನು ಬರ. ಮೇಲಾಗಿ ಎರೆಮಣ್ಣಿನ ಹೊಲದ ದಾರಿ, ಊರೂರಿಗೆ ಆಳೆತ್ತರದ ಹಂಪು. ತಗ್ಗಿಸಿದ ಮೂತಿ ಅಲ್ಲಿ ಉಜ್ಜದೆ ಬಿಡದು.

"ಅತ್ತಿ, ಇಲ್ನೋಡು" ಎಂದು ಅವನು ತನ್ನ ಫೋನಿನಲ್ಲಿ ತೋರಿಸಿದ ಗಾಡಿಗಳು ಅಮೆರಿಕದವು. ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೋ ಮೂಲದ ಹುಡುಗರು ಹಳೆಯ ಕಾರು, ಪಿಕಪ್ಪುಗಳನ್ನು ಕೊಂಡು ತಗ್ಗಿಸಿ, ಬಣ್ಣ ಬಳಿದು, ಸಂಜೆ ಹೊತ್ತು ನಿಧಾನವಾಗಿ ಓಡಿಸುತ್ತಿದ್ದರು. ವೇಗಕ್ಕಲ್ಲ, ಕಾಣಿಸಿಕೊಳ್ಳುವುದಕ್ಕೆ. 1958ರಲ್ಲಿ ಅಲ್ಲಿನ ಕಾನೂನು ಗಾಲಿಯ ರಿಮ್ಮಿಗಿಂತ ಕೆಳಗೆ ಗಾಡಿಯ ಯಾವ ಭಾಗವೂ ಇಳಿಯಕೂಡದು ಎಂದಿತು. ಮರುವರ್ಷವೇ ರಾನ್ ಅಗಿರೆ ಎಂಬ ಯುವಕ ಎಣ್ಣೆಯ ಒತ್ತಡದ ಪಂಪು ಕೂಡಿಸಿ, ಬೇಕಾದಾಗ ಏರಿಸಿ ಬೇಕಾದಾಗ ಇಳಿಸುವ ಕಾರು ಮಾಡಿದ. ಪೊಲೀಸರು ಕಂಡರೆ ಮೇಲೆ, ಹೋದರೆ ಕೆಳಗೆ! ಆ ಎತ್ತರದ ಕಟ್ಟಳೆ ಮತ್ತು ಸಂಜೆಯ ಸವಾರಿಯ ಮೇಲಿನ ನಿಷೇಧಗಳನ್ನು ಕ್ಯಾಲಿಫೋರ್ನಿಯ ತೆಗೆದುಹಾಕಿದ್ದು 2024ರ ಜನವರಿಯಿಂದ. ಹೊಟ್ಟೆಗೆ ಕಡಿಮೆ ಇದ್ದವರು, ಪೇಟೆಯಲ್ಲಿ ಯಾರ ಕಣ್ಣಿಗೂ ಬೀಳದವರು, ಒಂದು ಹಳೆಯ ಗಾಡಿಯನ್ನು ಅಂದಗೊಳಿಸಿ ಬೀದಿಯಲ್ಲಿ ತಲೆಯೆತ್ತಿ ನಡೆದರು. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆ ನೋಡಿದರೆ ನಮ್ಮ ಸೀಮೆಯವರು ಶೋಕಿಯನ್ನು ಹಳಿಯುವ ಯೋಗ್ಯತೆ ಉಳಿಸಿಕೊಂಡಿಲ್ಲ. ದೀಪಾವಳಿಯ ನಂತರ ಹಾವೇರಿ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಕೊಬ್ಬರಿ ಹೋರಿಯ ಅಬ್ಬರ. ಆ ಹೋರಿ ನೇಗಿಲು ಹೊರುವುದಿಲ್ಲ, ಗಾಡಿ ಎಳೆಯುವುದಿಲ್ಲ. ಮನೆಯ ಮಕ್ಕಳಿಗಿಲ್ಲದ ಹಿಂಡಿ, ಹುರುಳಿ, ತತ್ತಿ ಅದಕ್ಕೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಹೆಸರಿಗೊಂದು ಬಿರುದು. ದುಡಿಯುವ ಎತ್ತನ್ನು ಅಂದಕ್ಕಾಗಿಯೇ ಸಾಕುವುದು ನಮ್ಮಲ್ಲಿ ಗೌರವ. ದುಡಿಯುವ ಗಾಡಿಯನ್ನು ಅಂದಕ್ಕಾಗಿ ತಗ್ಗಿಸಿದರೆ ಮಾತ್ರ ಹಾಳು ಬುದ್ಧಿಯೇ? ಹೋರಿಯ ಓಟದಲ್ಲಿ ಪ್ರತಿ ಹಂಗಾಮಿಗೂ ಯಾರಾದರೊಬ್ಬ ತಾಯಿಯ ಮಗ ತಿವಿಸಿಕೊಳ್ಳುತ್ತಾನೆ ಎಂಬುದು ಬೇರೆ ಮಾತು. ಅಥವಾ ಬೇರೆ ಮಾತಲ್ಲವೇನೋ.

ಇನ್ನೊಂದು ಸಂಗತಿ. ಇದೇ ಗಾಡಿಗೆ ಹಿಂದೆ ಅಣ್ಣನೇ ಪಾಟಾ ಸೇರಿಸಿದ್ದ. ಮೊದಲಿದ್ದ ಪೆಟ್ರೋಲ್ ಎಂಜಿನ್ನು ತೆಗೆಸಿ ಡೀಸೆಲ್ಲಿನದು ಕೂಡಿಸಿದ. ಅದು ಭಾರ, ಆದ್ದರಿಂದ ಮುಂದೆ ಒಂದೊಂದು ಪಟ್ಟಿ ಹೆಚ್ಚು. ಹಿಂದೆ ಮೂಟೆಗಳಿಗಾಗಿ ಎರಡೆರಡು. ಬ್ಯಾಡಗಿ ಕಾಯಿ ನೋಡಲು ಬೆಟ್ಟ, ತೂಕಕ್ಕೆ ಹಗುರ. ಆದ್ದರಿಂದ ಡಬ್ಬಿಯ ಸುತ್ತ ಹಲಗೆ ಏರಿಸಿ ಎರಡಾಳು ಎತ್ತರಕ್ಕೆ ಹೇರುತ್ತಾರೆ. ಗಾಳಿ ಬಂದರೆ ಇಡೀ ಗಾಡಿ ತೂಗುತ್ತದೆ. ಅಂದು ಯಾರೂ "ಮೂಲ ರೂಪ ಕೆಡಿಸಿದ" ಎನ್ನಲಿಲ್ಲ. ದುಡಿಮೆಗೆ ಮಾಡಿದ ಬದಲಾವಣೆ ಅನಿವಾರ್ಯ, ಅಂದಕ್ಕೆ ಮಾಡಿದ್ದು ಅಪರಾಧ ಎಂಬುದು ನಮ್ಮ ಒಳಗಿನ ನ್ಯಾಯ. ರಸ್ತೆಯ ಮೇಲೆ ಎದುರಿಗೆ ಬರುವವನ ಕಡೆಯಿಂದ ನೋಡಿದರೆ ಮೂತಿ ತಗ್ಗಿಸಿದ ಗಾಡಿಗಿಂತ ಮೂಟೆ ಏರಿಸಿದ ಗಾಡಿಯೇ ಹೆಚ್ಚು ಅಂಜಿಕೆಯದು.

ಸರ್ಕಾರದ ನ್ಯಾಯದಲ್ಲಿ ಇವೆರಡೂ ಒಂದೇ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ಮಾಲೀಕ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಎಂದಾಯಿತು. ಇನ್ನೊಂದು ಕುತೂಹಲದ ನಿಯಮ 2021ರದು. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ 'ವಿಂಟೇಜ್' ಎಂಬ ಮರ್ಯಾದೆಯ ನೋಂದಣಿ. ಆದರೆ ಅದು ಮುಂದೆ ದಿನನಿತ್ಯ ಓಡಾಡಕೂಡದು, ಬಾಡಿಗೆಗೆ ದುಡಿಯಕೂಡದು. ಅಂದರೆ ದುಡಿಮೆ ನಿಲ್ಲಿಸಿದವರಿಗೆ ಮಾತ್ರ ಸನ್ಮಾನ. ಅಣ್ಣನ ಗಾಡಿಗೆ 2028ಕ್ಕೆ ಐವತ್ತು ತುಂಬುತ್ತದೆ. ಎಂಜಿನ್ನು ಬದಲಾದ ದಿನವೇ ಈ ಸನ್ಮಾನ ಅದರ ಕೈ ತಪ್ಪಿತು.

ಹಾಗಾದರೆ 'ಅಣ್ಣನ ಗಾಡಿ' ಎನ್ನುವುದು ಎಲ್ಲಿದೆ? ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಮೂಲದ ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಇದೇ ಪ್ರಶ್ನೆ ಹಾಕಿದನಂತೆ. ನೀನು ಬಂದ ರಥ ಯಾವುದು, ಅಚ್ಚೇ ರಥವೋ, ಗಾಲಿಯೋ, ನೊಗವೋ ಎಂದು. ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಇಟ್ಟ ಹೆಸರು ರಥ. ನಾಗಸೇನ ಮನುಷ್ಯನ ಬಗ್ಗೆಯೂ ಹೀಗೆಯೇ ಹೇಳಲು ಹೊರಟಿದ್ದ. ನನಗೆ ಮಾತ್ರ ಓದುವಾಗ ನೆನಪಾದದ್ದು ಮದುವೆಯ ಚಪ್ಪರ. ಕೆಲವು ಮನೆತನಗಳಲ್ಲಿ ಗಂಡನ ಮನೆಯವರು ತಟ್ಟೆಯ ಅಕ್ಕಿಯ ಮೇಲೆ ಸೊಸೆಗೆ ಹೊಸ ಹೆಸರು ಬರೆಸುತ್ತಾರೆ. ಹೆಸರು, ಅಡ್ಡಹೆಸರು, ಊರು, ಉಣ್ಣುವ ರೊಟ್ಟಿಯ ದಪ್ಪ ಎಲ್ಲ ಬದಲಾಗುತ್ತದೆ. ಹಾಗಿದ್ದೂ ತಾನು ಅದೇ ಹುಡುಗಿ ಎಂದು ಅವಳಿಗೆ ಒಳಗೆ ಗೊತ್ತಿರುತ್ತದೆ. ಗಾಡಿಗೆ ಹಾಗೆ ಗೊತ್ತಿರುವುದಿಲ್ಲ. ಅದರ ಪರವಾಗಿ ನೆನಪಿಟ್ಟುಕೊಳ್ಳುವವರು ಮನುಷ್ಯರು. ಆದ್ದರಿಂದ ಏನು ಬದಲಾಯಿತು ಎಂಬುದಕ್ಕಿಂತ ಯಾರನ್ನು ಕೇಳಿ ಬದಲಾಯಿತು ಎಂಬುದೇ ದೊಡ್ಡ ಪ್ರಶ್ನೆ ಎಂದು ನನಗೆ ತೋರುತ್ತದೆ.

ಇಲ್ಲಿ ಕೇಳಬೇಕಾದವರು ನಮ್ಮ ವೈನಿ. 1991ರಲ್ಲಿ ಆ ಗಾಡಿಗೆ ಮುಂಗಡ ಕೊಟ್ಟದ್ದು ಅವರ ನಾಲ್ಕು ತೊಲೆಯ ಪಾಟ್ಲಿ ಮಾರಿ. ತವರಿನ ಬಂಗಾರ. "ಕಾಯಿ ಮಾರಿದ ಮ್ಯಾಲೆ ಮಾಡಿಸಿಕೊಡ್ತೇನಿ" ಎಂದು ಅಣ್ಣ ಹೇಳಿದ್ದ. ಒಂದು ವರ್ಷ ದರ ಬಿತ್ತು, ಒಂದು ವರ್ಷ ರೋಗ ಬಿತ್ತು, ಒಂದು ವರ್ಷ ಮಗಳ ಮದುವೆ. ಪಾಟ್ಲಿ ಬರಲಿಲ್ಲ. ಅಣ್ಣ ಕೆಟ್ಟವನಲ್ಲ, ಮೆಣಸಿನಕಾಯಿ ಬೆಳೆಯೇ ಹಾಗೆ. 2011ರಲ್ಲಿ ಬ್ಯಾಡಗಿ ಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಎಲ್ಲರೂ ಹಿಗ್ಗಿದರು. 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿಗೆ ಅದೇ ಪೇಟೆಯಲ್ಲಿ ಎಪಿಎಂಸಿ ಕಚೇರಿಗೆ ಕಲ್ಲು ಬಿದ್ದು ವಾಹನಗಳಿಗೆ ಬೆಂಕಿ ಹತ್ತಿತು.

ಅಣ್ಣ ಹೋದ ಮೇಲೆ ಗಾಡಿಯ ಕಾಗದಪತ್ರ ಮಗನ ಹೆಸರಿಗೆ ಮಾಡಿಸುವುದೆಂದು ಮನೆಯ ಗಂಡಸರು ನಿಶ್ಚಯಿಸಿದರು. ಉಳಿದ ವಾರಸುದಾರರ ಒಪ್ಪಿಗೆ ಪತ್ರಕ್ಕೆ ವೈನಿಯ ಸಹಿ ಬೇಕಿತ್ತು. ಬೆರಳು ತೋರಿಸಿದಲ್ಲಿ ಅವರು ಸಹಿ ಮಾಡಿ, ಪತ್ರ ಇನ್ನೂ ಕಪಾಟಿನಲ್ಲೇ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಮೃತ್ಯುಪತ್ರ ಬರೆಯದೆ ತೀರಿದವನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಿಗೂ ಸಮಪಾಲು ಎನ್ನುತ್ತದೆ. ಹೊಲ ಮನೆಯ ಮಾತು ಬಂದಾಗ ಅದನ್ನು ಒಂದಷ್ಟು ಹೆಂಗಸರು ನೆನಪಿಸುತ್ತಾರೆ. ಗಾಡಿ, ಪಂಪ್‌ಸೆಟ್ಟು, ಎತ್ತು ಇವೆಲ್ಲ ಮಾತ್ರ ತಾವಾಗಿ ಗಂಡುಮಕ್ಕಳ ಕಡೆಗೆ ಉರುಳಿಹೋಗುತ್ತವೆ.

ನಾನು ಕೇಳಿದೆ, "ವೈನಿ, ಗಾಡಿ ಅಣ್ಣ ಇಟ್ಟಂಗ ಇರಬೇಕೋ, ಹುಡುಗ ಹೇಳಿದಂಗ ಆಗಬೇಕೋ?" ಗಂಡನ ನೆನಪು, ಮುಟ್ಟಬೇಡಿ ಎನ್ನುತ್ತಾರೆ ಎಂದು ಮಗ ಅಂಜಿದ್ದ. ಅವರು ಹೆಸರುಬೇಳೆ ಹಸನ ಮಾಡುತ್ತಲೇ ಹೇಳಿದರು:

"ಅದರ ಮುಂದಿನ ಸೀಟಿನ್ಯಾಗ ನಾ ಎಷ್ಟು ಸರ್ತಿ ಕುಂತೀನಿ ಹೇಳು? ಎಣಿಸಿ ನಾಕು. ಮುಂದ ದಲಾಲರು, ಬೀಗರು, ನಿಮ್ಮಣ್ಣನ ಗೆಳ್ಯಾರು. ನಾ ಯಾವಾಗ್ಲೂ ಹಿಂದ ಚೀಲದ ಮ್ಯಾಲೆ. ಕಾಯಿ ಘಾಟಿಗೆ ಕೆಮ್ಮಿಕೋಂತ. ಏರಬೇಕಂದ್ರ ಸೀರಿ ಮೊಣಕಾಲಿಗೆ ಎತ್ತಬೇಕು. ತಗ್ಗು ಆದ್ರ ನನಗೇನು ಬ್ಯಾಸರಿಲ್ಲವಾ. ಆದ್ರ ನನ್ನ ಕೇಳೂದು ಬಿಟ್ಟು ರಾಣೆಬೆನ್ನೂರಾಗ ಕೇಳಿ ಬಂದಾನ."

ಆಮೇಲೆ ಮಗನ ಕಡೆ ತಿರುಗಿ, "ಚಾಸಿಗೆ ಬೆಸದ ಮ್ಯಾಲೆ ಮತ್ತ ಮದ್ಲಿನಂಗ ಮಾಡಾಕ ಬರ್ತೈತೇನು?" ಎಂದರು. ಅವನು ಬಾಯಿ ತೆರೆಯಲಿಲ್ಲ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು ಕೇಳಿದ ಈ ಪ್ರಶ್ನೆಯನ್ನು ನಾನು ಯಾವ ನೀತಿಶಾಸ್ತ್ರದ ಪುಸ್ತಕದಲ್ಲೂ ಇಷ್ಟು ಚೊಕ್ಕವಾಗಿ ಓದಿಲ್ಲ. ಬೋಲ್ಟಿನಿಂದ ಕೂಡಿಸಿದ್ದನ್ನು ಬಿಚ್ಚಬಹುದು. ಹಳೆಯ ಆಕ್ಸಲ್ಲನ್ನು ಎಣ್ಣೆ ಹಚ್ಚಿ ಶೆಡ್ಡಿನಲ್ಲಿಟ್ಟರೆ ನಾಳೆ ಇನ್ನೊಬ್ಬರು ಬೇರೆ ಮನಸ್ಸು ಮಾಡಬಹುದು. ಕತ್ತರಿಸಿ ಬೆಸೆದದ್ದು ಎಲ್ಲರ ಪರವಾಗಿ ಒಬ್ಬನೇ ಕೊಟ್ಟ ತೀರ್ಪು. ಆದರೆ ಬಿಚ್ಚಲು ಬರುವುದೇ ಒಳ್ಳೆಯದು ಎಂದು ಗೆರೆ ಎಳೆಯಲೂ ನನಗೆ ಧೈರ್ಯವಿಲ್ಲ. ಹೆಣ್ಣುಮಗಳಿಗೆ ಓದು ಕಲಿಸುವುದು ಬಿಚ್ಚಲು ಬಾರದ ಬೆಸುಗೆಯೇ, ಮತ್ತು ಹಾಗೆಯೇ ಇರಬೇಕು. ಗಾಡಿಗೂ ಬಾಳಿಗೂ ಒಂದೇ ಅಳತೆಗೋಲು ಹಿಡಿದರೆ ಎಲ್ಲೋ ಒಂದು ಕಡೆ ಅದು ಮುರಿಯುತ್ತದೆ.

ಸದ್ಯಕ್ಕೆ ಆದದ್ದು ಇಷ್ಟು. ಹಾವೇರಿಯ ಒಬ್ಬ ಹಿರಿಯ ಮೇಸ್ತ್ರಿ ಬಂದು ಮಲಗಿ ನೋಡಿ, ಗಾಡಿ ಈಗ ಭಾರ ಹೊರುವುದಿಲ್ಲವೆಂದ ಮೇಲೆ ಹಿಂದಿನ ಹೆಚ್ಚುವರಿ ಪಾಟಾ ಯಾಕೆ ಎಂದರು. ಮುಂದಿನವೂ ಕಾಲಾಂತರದಲ್ಲಿ ಯಾರೋ ಬೇಕಿದ್ದಕ್ಕಿಂತ ಹೆಚ್ಚು ಕಮಾನು ಮಾಡಿ ಬಡಿದವು. ಅವನ್ನು ಬಿಚ್ಚಿ ಸರಿಪಡಿಸಿದ ಮೇಲೆ ಗಾಡಿ ಒಂದೂವರೆ ಇಂಚು ಇಳಿಯಿತು. ಇದು ಬದಲಾವಣೆಯೋ, ಹಿಂದಿನ ರೂಪಕ್ಕೆ ಮರಳುವುದೋ ಎಂದು ನಾಗಸೇನನನ್ನೇ ಕೇಳಬೇಕು. ಹುಡುಗ, "ಒಂದೂವರಿ ಇಂಚು ಏನಕ್ಕೂ ಸಾಲೂದಿಲ್ಲತ್ತಿ" ಎಂದು ಗೊಣಗುತ್ತಿದ್ದಾನೆ. ವೈನಿ ಎಡಬಾಗಿಲ ಕೆಳಗೆ ಕಾಲಿಡಲು ಒಂದು ಮೆಟ್ಟಿಲು ಕೂಡಿಸಲು ಹೇಳಿದ್ದಾರೆ, ಬೋಲ್ಟಿನಿಂದ. ಮುಂದಿನ ಗುರುವಾರದ ಪೇಟೆಗೆ ತಾವೂ ಬರುವುದಾಗಿ ಹೇಳಿದ್ದಾರೆ. ಆಕ್ಸಲ್ಲಿನ ಮಾತು ಇನ್ನೂ ಮುಗಿದಿಲ್ಲ. ಕಪಾಟಿನಲ್ಲಿದ್ದ ಒಪ್ಪಿಗೆ ಪತ್ರವನ್ನು ವೈನಿ ತೆಗೆದು ತಮ್ಮ ಟ್ರಂಕಿನಲ್ಲಿಟ್ಟುಕೊಂಡಿದ್ದಾರೆ. ಆರ್‌ಸಿ ಯಾರ ಹೆಸರಿಗೆ ಎಂಬುದು ಮೊದಲು ತೀರ್ಮಾನವಾಗಲಿ, ಆಮೇಲೆ ಕೂತು ಮಾತಾಡೋಣ ಎಂದಿದ್ದಾರೆ.