ಅರಿಯದೆ ಮಾಡಿದ್ದು

“ಗೊತ್ತಿರಲಿಲ್ಲ ಸಾರ್” ಎಂದು ಹುಡುಗನೊಬ್ಬನು ತಲೆ ತಗ್ಗಿಸಿ ನಿಂತರೆ ಉಪಾಧ್ಯಾಯರಾದ ನಾವು ಗದರಿಕೆಯನ್ನು ನುಂಗಿಕೊಳ್ಳುತ್ತೇವೆ. ಅರಿಯದೆ ಮಾಡಿದ್ದಕ್ಕೆ ಹೊಣೆಯಿಲ್ಲವೆಂಬ ಈ ನಂಬಿಕೆ ಎಲ್ಲಿಯವರೆಗೆ ಸಲ್ಲುತ್ತದೆ?

ಪಶ್ಚಿಮ ಜರ್ಮನಿಯ ಗ್ರ್ಯೂನೆಂತಾಲ್ ಸಂಸ್ಥೆಯು 1957ರ ಅಕ್ಟೋಬರಿನಿಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು, ವೈದ್ಯರ ಚೀಟಿಯೂ ಬೇಡವೆಂಬಂತೆ, ಮಾರಿತು. ಗರ್ಭಿಣಿಯರ ಓಕರಿಕೆಗೂ ಅದನ್ನೇ ಕೊಡಲಾಯಿತು. ಗರ್ಭದೊಳಗೆ ಕೈಕಾಲುಗಳು ಮೂಡುವ ಕೆಲವೇ ದಿನಗಳಲ್ಲಿ ಒಂದು ಮಾತ್ರೆ ಸೇವಿಸಿದ್ದರೂ ಸಾಕು, ಕೂಸು ಭುಜಕ್ಕೇ ಅಂಟಿದಂತಿರುವ ಅಂಗೈಯೊಡನೆ ಹುಟ್ಟಬಹುದಾಗಿತ್ತು. 1961ರ ನವೆಂಬರಿನಲ್ಲಿ ಹ್ಯಾಂಬರ್ಗಿನ ವೈದ್ಯ ವಿಡುಕಿಂಡ್ ಲೆಂಟ್ಸ್ ಎಚ್ಚರಿಸಿದ ಮೇಲೆ ಮಾರಾಟ ನಿಂತಿತು. ಊನಗೊಂಡ ಮಕ್ಕಳು ಲೋಕದಲ್ಲೆಲ್ಲ 10,000ಕ್ಕೂ ಮಿಕ್ಕಿ ಎಂದು ಅಂದಾಜು.

ತಾಯಿಗೆ ಗೊತ್ತಿರಲಿಲ್ಲ. ತಯಾರಕರೂ ಅದನ್ನೇ ಹೇಳಿದರು. ಅಂದಿನ ಜ್ಞಾನಕ್ಕೆ ಅದು ನಿಲುಕದೆಂದರು. ಆದರೆ ತಾಯಿಗೆ ತಿಳಿಯುವ ದಾರಿಯೇ ಇರಲಿಲ್ಲ. ಇವರೋ ಗರ್ಭದ ಮೇಲಿನ ಪರಿಣಾಮವನ್ನು ಪರೀಕ್ಷಿಸದೆಯೇ ನಿರಪಾಯವೆಂದು ಸಾರಿದ್ದರು. ಅಮೆರಿಕದಲ್ಲಿ ಔಷಧಿಗಳನ್ನು ಪರಿಶೀಲಿಸುವ ಸರಕಾರಿ ಕಛೇರಿಯಲ್ಲಿದ್ದ ಫ್ರಾನ್ಸೆಸ್ ಕೆಲ್ಸಿ ಅವರಿಗೂ, ನೋಡಿ, ಮೊದಲಿಗೆ ಗೊತ್ತಿರಲಿಲ್ಲ! ಆದರೆ ತಮಗೆ ಗೊತ್ತಿಲ್ಲವೆಂಬುದು ಅವರಿಗೆ ಗೊತ್ತಿತ್ತು. ನಿರಪಾಯಕ್ಕೆ ಸಾಕ್ಷ್ಯ ತನ್ನಿರೆಂದು 1960ರಿಂದ ಮತ್ತೆ ಮತ್ತೆ ಕೇಳುತ್ತ, ಕಂಪನಿಯ ಒತ್ತಾಯಕ್ಕೆ ಬಾಗದೆ, ಅನುಮತಿಯನ್ನು ತಡೆದರು.

ಪಶ್ಚಾತ್ತಾಪವಾದರೋ ತಾಯಂದಿರ ಪಾಲಿಗೆ ಬಂದಿತು. ನಾನೇ ನುಂಗಿದೆನಲ್ಲಾ ಎಂದು ಎಷ್ಟೋ ಮಂದಿ ಬಾಳಿಡೀ ಕೊರಗಿದರು. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೋರಿದ್ದು 2012ರಲ್ಲಿ. ಆ ವೇಳೆಗೆ ಮಕ್ಕಳಿಗೇ 50 ದಾಟುತ್ತಿತ್ತು.