ಜಾಲತಾಣಗಳ ತ್ಯಾಗ: ಒಂದು ವಿಚಾರ

ಕಳೆದ ಶ್ರಾವಣಮಾಸದಲ್ಲಿ ಹರಪನಹಳ್ಳಿಯ ಸದ್ಭಕ್ತರೊಬ್ಬರು ಗುರುಬಸವೇಶ್ವರನ ದರ್ಶನಕ್ಕೆಂದು ಕೊಟ್ಟೂರಿಗೆ ಬಂದಿದ್ದರು. ದರ್ಶನ ಮುಗಿಸಿಕೊಂಡು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತವರು ಒಂದು ಪ್ರಶ್ನೆಯನ್ನು ಕೇಳಿದರು. "ಮೇಷ್ಟ್ರೇ, ಈ ಫೇಸ್‌ಬುಕ್ಕು, ವಾಟ್ಸಾಪು, ಇನ್‌ಸ್ಟಾಗ್ರಾಮು ಇವನ್ನೆಲ್ಲ ಇನ್ನು ಮುಟ್ಟುವುದೇ ಬೇಡ ಎಂದುಕೊಂಡಿದ್ದೇನೆ. ಮಗ ಇದನ್ನು ಹೇಡಿತನ ಎನ್ನುತ್ತಾನೆ. ಮನೆಯಾಕೆ ಒಳ್ಳೆಯದಾಯಿತು ಎನ್ನುತ್ತಾಳೆ. ನೀವೇನನ್ನುತ್ತೀರಿ?" ಮೆಕ್ಕೆಜೋಳದ ವ್ಯಾಪಾರದಲ್ಲಿ ಪಳಗಿದವರು, ಸುಲಭವಾಗಿ ಕಂಗೆಡುವವರಲ್ಲ. ಆದರೂ ಆ ದಿನ ಅವರ ಮುಖ ಕಂದಿದ್ದಿತು. ನಾವು ಉತ್ತರ ಕೊಡಲಿಲ್ಲ. ಕೊಡುವ ಅರ್ಹತೆ ನಮಗುಂಟೆ ಎಂಬ ಶಂಕೆ ಬಾಧಿಸುತ್ತಿದ್ದಿತು. ಆ ಶಂಕೆಯ ಕಾರಣವನ್ನು ಮುಂದೆ ಹೇಳುತ್ತೇವೆ.

"ಮಿತವಾಗಿ ಉಪಯೋಗಿಸಿರಿ" ಎಂಬುದು ಇಂಥ ಪ್ರಸಂಗಗಳಲ್ಲಿ ಹಿರಿಯರು ಕೊಡತಕ್ಕ ಉತ್ತರ. ಊಟದ ವಿಷಯದಲ್ಲಿ ಅದು ಸರಿ. ಹೊಟ್ಟೆ ತುಂಬಿದ ಕೂಡಲೆ ದೇಹವೇ ಸಾಕೆನ್ನುವುದು. ವರ್ತಮಾನಪತ್ರಿಕೆಯ ವಿಷಯದಲ್ಲಿಯೂ ಸರಿ. ಕೊನೆಯ ಪುಟ ಬಂದ ಮೇಲೆ ಮಡಿಚಿ ಇಡಲೇಬೇಕು. ಹಿಂದೆ ಜಾಲಪುಟಗಳಲ್ಲಿಯೂ ಒಂದು ಪುಟ ತೀರಿದರೆ ಮುಂದಿನದನ್ನು ಕೈಯಾರೆ ಒತ್ತಿ ಕರೆಯಬೇಕಾಗಿದ್ದಿತು. ಆ ಒಂದು ಕ್ಷಣದ ತಡೆಯಲ್ಲಿ ಮನುಷ್ಯನಿಗೆ ತನ್ನ ನೆನಪು ಬರಲು ಎಡೆಯಿದ್ದಿತು. 2006ರಲ್ಲಿ ಅಮೆರಿಕದ ಅಜಾ ರಾಸ್ಕಿನ್ ಎಂಬ ತಂತ್ರಜ್ಞನು ಆ ತಡೆಯನ್ನು ತೆಗೆದುಹಾಕಿ, ಬೆರಳು ಎಳೆದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ವಿಧಾನವನ್ನು ರೂಪಿಸಿದನು. ಮುಂದೆ ಆತನೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ಆದರೆ ಅಷ್ಟು ಹೊತ್ತಿಗೆ ಅದು ಲೋಕವನ್ನೆಲ್ಲ ವ್ಯಾಪಿಸಿದ್ದಿತು. ಉಣ್ಣುವವನು ಎಲೆಗೆ ಕೈಯಡ್ಡ ಹಿಡಿದರೂ ಬಡಿಸುವವನು ನಿಲ್ಲಿಸದ ಪಂಕ್ತಿ ಇದು. ನಾವು ನೋಡಿದ ಹೊತ್ತನ್ನು ಜಾಹೀರಾತುದಾರರಿಗೆ ಮಾರುವುದೇ ಬಡಿಸುವವನ ಸಂಪಾದನೆ. ಇಂಥ ಪಂಕ್ತಿಯಲ್ಲಿ ಕುಳಿತವನಿಗೆ ಮಿತಾಹಾರದ ಉಪದೇಶ ಎಷ್ಟರ ಮಟ್ಟಿಗೆ ಉಪಕಾರವಾದೀತು?

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಲಿಂಗವಂತನಿಗೆ ಅಂಗೈಯೆಂದರೆ ಕರಸ್ಥಲ. ನಿವೃತ್ತರಾದ ಮೇಲೆ ಹಲವು ವರ್ಷಗಳ ಕಾಲ, ಬೆಳಗ್ಗೆ ಎದ್ದ ಕೂಡಲೆ ನಮ್ಮ ಆ ಸ್ಥಲಕ್ಕೆ ಮೊದಲು ಬರುತ್ತಿದ್ದುದು ಮೊಬೈಲು. ಪೂಜೆಗೆ ಕುಳಿತಾಗಲೂ ಮಗ್ಗುಲಲ್ಲಿ ಅದು ಗುಂಯ್ ಎಂದರೆ ದೃಷ್ಟಿ ಅತ್ತ ಸರಿಯುತ್ತಿದ್ದಿತು. ಇಷ್ಟಲಿಂಗವನ್ನು ನೋಡುವಾಗ ಹೊಸದೇನೂ ಕಾಣಿಸುವುದಿಲ್ಲ. ನಿನ್ನೆ ಕಂಡದ್ದೇ ಇಂದೂ ಕಾಣುವುದು, ಬದಲಾಗಬೇಕಾದುದು ನೋಡುವ ಕಣ್ಣು. ಗಾಜಿನ ಪರದೆಯಲ್ಲಿಯಾದರೋ ಕ್ಷಣಕ್ಷಣಕ್ಕೂ ಹೊಸದು. ಕಣ್ಣು ಮಾತ್ರ ನಿನ್ನೆಯದೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆ ಕೇಳಿ ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಮುಳುಗಿದ ಜಾಲಿಮರಗಳ ಮೇಲೆ ಕೊಕ್ಕರೆಗಳು ಕಿಕ್ಕಿರಿದಿದ್ದವು. ನಾವು ಚಿತ್ರ ತೆಗೆದು, ಅದರ ಕೆಳಗೆ ಏನು ಬರೆಯುವುದೆಂದು ಯೋಚಿಸುತ್ತ ನಿಂತಿದ್ದೆವು. "ಅಜ್ಜಾ, ನೀನು ನೋಡಲೇ ಇಲ್ಲ" ಎಂದನು ಹುಡುಗ.

ಹಾಗಾದರೆ ಬಿಟ್ಟುಬಿಡುವುದೇ ಸರಿಯೆ? ಬಿಡಿಸಿದರೆ ಏನಾಗುವುದೆಂಬುದನ್ನು ನಮ್ಮ ದೇಶವೇ ಒಮ್ಮೆ ಕಂಡಿದೆ. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಮೊದಲಾದ 59 ಆ್ಯಪುಗಳನ್ನು ನಿಷೇಧಿಸಿತು. ಕೋಟಿಗಟ್ಟಲೆ ಜನರು ಒಂದೇ ರಾತ್ರಿಯಲ್ಲಿ ತ್ಯಾಗಿಗಳಾದರು! ಜುಲೈ 8ಕ್ಕೆ ಇನ್‌ಸ್ಟಾಗ್ರಾಮಿನವರು ಇಲ್ಲಿ ರೀಲ್ಸ್ ಎಂಬುದನ್ನು ತೆರೆದರು. ಒಂಬತ್ತೇ ದಿನ. ಓಣಿಯ ಹುಡುಗರು ಅಂಗಡಿಯನ್ನು ಬದಲಾಯಿಸಿದರು, ಸರಕು ಬದಲಾಗಲಿಲ್ಲ. ಸ್ವಂತ ಇಚ್ಛೆಯಿಂದ ಬಿಟ್ಟವರ ಸಂಗತಿ ಬೇರೆ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರು ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ಕನ್ನು ಬಿಡಿಸಿ ಪರೀಕ್ಷಿಸಿದರು. ದಿನಕ್ಕೆ ಸುಮಾರು 60 ನಿಮಿಷ ಉಳಿಯಿತು. ಮನಸ್ಸಿನ ನೆಮ್ಮದಿ ಸ್ವಲ್ಪಮಟ್ಟಿಗೆ ಹೆಚ್ಚಿತು. ಜೊತೆಗೆ ಲೋಕದ ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು. ಲಾಭವೂ ಉಂಟು, ನಷ್ಟವೂ ಉಂಟು. ನೆರೆಯ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದವರು 2022ರಿಂದ ಇನ್ನೊಂದು ದಾರಿ ಹಿಡಿದರು. ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ನು ಕೂಗಿದ ಕೂಡಲೆ ಊರಿನ ಮನೆಗಳಲ್ಲಿ ಟಿ.ವಿ., ಮೊಬೈಲು ಬಂದ್. 8-30ಕ್ಕೆ ಮತ್ತೆ ಸೈರನ್ನು. ಮಕ್ಕಳ ಓದಿಗೆ ಇದು ಮೆಚ್ಚತಕ್ಕ ಉಪಾಯ, ಊರಿಗೆ ಊರೇ ಕೂಡಿ ಮಾಡಿದುದು ಇನ್ನೂ ಮೆಚ್ಚತಕ್ಕದ್ದು. ಆದರೆ ನಮ್ಮಂಥ ಮುದುಕರ ಚಪಲವು ಎಂಟೂವರೆಯ ಸೈರನ್ನಿಗೇ ಕಾದು ಕುಳಿತಿರುವುದು.

ಎಲ್ಲರಿಗೂ ಒಂದೇ ನೇಮವನ್ನು ವಿಧಿಸುವುದಕ್ಕೂ ನಾವು ಸಿದ್ಧರಿಲ್ಲ. ಹಡಗಲಿಯ ಮಲ್ಲಿಗೆ ಬೆಳೆಗಾರನಿಗೆ ಬೆಳಗ್ಗೆ ಬಿಡಿಸಿದ ಮೊಗ್ಗು ಸಂಜೆಯೊಳಗೆ ಮಾರಾಟವಾಗಬೇಕು. ದರ ತಿಳಿಯುವ ದಾರಿಯನ್ನು ಬಿಡೆಂದು ಅವನಿಗೆ ಹೇಳಿದರೆ ಅದು ಕಾಯಕಕ್ಕೇ ಅಡ್ಡಿ. ಮಗಳು ಪರದೇಶದಲ್ಲಿರುವ ತಾಯಿ, ರಕ್ತ ಬೇಕೆಂದು ರಾತ್ರಿ ಮೊರೆಯಿಡುವ ರೋಗಿಯ ಕಡೆಯವರು, ಇವರ ಮಾತೂ ಹಾಗೆಯೇ. ಕಾಯಕ ಎಲ್ಲಿ ಮುಗಿಯಿತು, ಚಪಲ ಎಲ್ಲಿ ಮೊದಲಾಯಿತು ಎಂಬುದನ್ನು ಅವರವರೇ ಅಳೆದುಕೊಳ್ಳಬೇಕು.

ಈಗ ನಮ್ಮ ಶಂಕೆಯ ವಿಷಯ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ರಥೋತ್ಸವದ ಸಂಜೆ ತೇರು ಉರುಳಿಬಿದ್ದುದನ್ನು ಈ ಭಾಗದವರು ಯಾರೂ ಮರೆತಿಲ್ಲ. ಕೆಲವರು ಗಾಯಗೊಂಡರು. ಧೂಳು ಅಡಗುವ ಮೊದಲೇ ಆ ದೃಶ್ಯ ದೂರದೂರಕ್ಕೆ ಹರಡಿತು. ನಾವು ಜನಜಂಗುಳಿಯ ಅಂಚಿನಲ್ಲಿದ್ದೆವು. ಕಣ್ಣಾರೆ ಕಂಡುದು ಓಡಿಬರುತ್ತಿದ್ದ ಜನರನ್ನು ಮಾತ್ರ. ಹಡಗಲಿ ಕಡೆಯಿಂದ ಪಾದಯಾತ್ರೆ ಬಂದವರಲ್ಲಿ ನಾಲ್ವರು ತೇರಿನಡಿಯಾದರೆಂದು ಯಾರೋ ಕೂಗಿದ್ದು ಕಿವಿಗೆ ಬಿತ್ತು. ಅದನ್ನೇ ಬರೆದು ಮೂರು ಗುಂಪುಗಳಿಗೆ ಕಳಿಸಿದೆವು. ಜನರಿಗೆ ತಿಳಿಯಲಿ ಎಂಬುದು ನಾವು ನಮಗೆ ಹೇಳಿಕೊಂಡ ಕಾರಣ. ಮೊದಲು ತಿಳಿಸಿದವರು ನಾವು ಎನಿಸಿಕೊಳ್ಳಬೇಕೆಂಬುದು ನಿಜವಾದ ಕಾರಣ. ಮಾತು ಸುಳ್ಳಾಗಿದ್ದಿತು. ಮರುದಿನ ಅಳಿಸಿ ಹಾಕಿ ಸುಮ್ಮನಾದೆವು.

ಎರಡು ತಿಂಗಳಾದ ಮೇಲೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಪರಿಚಿತರೊಬ್ಬರು ತಮ್ಮ ಅಕ್ಕನ ಸಂಗತಿಯನ್ನು ಹೇಳಿದರು. ಹಡಗಲಿ ತಾಲ್ಲೂಕಿನ ಹಳ್ಳಿಯೊಂದರ ವಿಧವೆ ಆಕೆ. ಮಗ, ಸೊಸೆ ಇಬ್ಬರೂ ಕೊಟ್ಟೂರಿಗೆ ನಡೆದುಹೋಗಿದ್ದರು. ನೆರೆಯ ಹುಡುಗನು ಮೊಬೈಲಿನಲ್ಲಿ ಬಂದುದನ್ನು ಓದಿ ಹೇಳಿದನು. ಮಗನ ಫೋನು ಹತ್ತಲಿಲ್ಲ. ಬೆಳಗಿನ ಬಸ್ಸಿಗೆ ಮಕ್ಕಳು ಬಂದಿಳಿಯುವ ತನಕ ಆಕೆ ಹೊಸ್ತಿಲ ಮೇಲೆಯೇ ಕುಳಿತಿದ್ದಳಂತೆ. ಹೇಳಿದವರಿಗೆ ಅದು ಯಾರ ಬರಹವೆಂದು ತಿಳಿದಿರಲಿಲ್ಲ. ನಾವೂ ಹೇಳಲಿಲ್ಲ. ಹಾಗೆಯೇ ವರ್ಷಗಳು ಸಂದವು. 2018ರ ಜುಲೈಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪು ವದಂತಿಯಿಂದ ಬೀದರ ಜಿಲ್ಲೆಯಲ್ಲಿ ಗುಂಪು ಸೇರಿ ಒಬ್ಬ ಯುವಕನನ್ನು ಕೊಂದಿತು. ಅದೇ ತಿಂಗಳು ಆ ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಮಿತಿ ಹಾಕುವುದಾಗಿ ಸಾರಿದರು. ಆ ವಾರ್ತೆಯನ್ನು ಓದಿ ನಾವು ತಲೆದೂಗಿದೆವು. ನಾವು ಕಳಿಸಿದ್ದುದು ಮೂರೇ ಕಡೆಗೆ ಎಂಬುದು ಆಗ ನೆನಪಿಗೆ ಬರಲಿಲ್ಲ.

ಹರಪನಹಳ್ಳಿಯವರು ಪ್ರಶ್ನೆ ಕೇಳಿ ಹೋದ ರಾತ್ರಿ ನಮಗೆ ನೆನಪಾದುದು ಆಯ್ದಕ್ಕಿ ದಂಪತಿಗಳ ಕಥೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದನು. ಲಕ್ಕಮ್ಮ ಅದನ್ನು ಅಟ್ಟು ಬಡಿಸಲಿಲ್ಲ. ನಾಳೆಯಿಂದ ಕಡಿಮೆ ತಾ ಎಂದು ಹೇಳಿ ಮುಗಿಸಲೂ ಇಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಹೊತ್ತುಕೊಂಡು ಹೋಗಿ ಸುರಿದು ಬಾ ಎಂದಳು. ಎಷ್ಟೋ ಸಲ ಮಕ್ಕಳಿಗೆ ಹೇಳಿದ ಕಥೆ. ಅದರ ತೂಕವೆಲ್ಲ ಹಿಂತಿರುಗಿ ಹೋಗುವ ಆ ನಡಿಗೆಯಲ್ಲಿದೆ ಎಂಬುದು ಹೊಳೆದುದು ಆ ರಾತ್ರಿ. ಖಾತೆಯನ್ನು ಅಳಿಸಿದರೆ ನಮ್ಮ ಫೋನು ಬರಿದಾಗುವುದು. ನಾವು ಕಳಿಸಿದ ಮಾತು ಇತರರ ಫೋನಿನಲ್ಲಿ ಇದ್ದೇ ಇರುವುದು, ಇತರರ ಎದೆಯಲ್ಲಿಯಂತೂ ಸರಿಯೇ ಸರಿ. ಅದನ್ನು ಹಾಗೆಯೇ ಬಿಟ್ಟು ತ್ಯಾಗಿಯೆನಿಸಿಕೊಳ್ಳುವುದು ಸಾಲ ತೀರಿಸದೆ ಊರು ಬಿಟ್ಟಂತೆ.

ಹಡಗಲಿಗೆ ಹೋದೆವು. ಆಕೆ ಚಾಪೆ ಹಾಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಕೊಂಚ ಹೊತ್ತಿನ ಮೇಲೆ, "ಯಾರು ಬರದ್ರು ಅಂತ ಗೊತ್ತಾಗಿದ್ರ ಅವತ್ತೇ ಫೋನು ಹಚ್ಚಿಸಿ ಕೇಳ್ತಿದ್ದೆ ಮೇಷ್ಟ್ರೇ, ನೀವು ಕಣ್ಣಿಲೆ ನೋಡೀರೇನು ಅಂತ. ಕೇಳಾಕ ಯಾರೂ ಇದ್ದಿಲ್ಲ" ಎಂದಳು.

ಕೇಳಲು ಯಾರೂ ಇಲ್ಲದ ಮಾತು! ವಚನಕಾರರು ಪ್ರತಿಯೊಂದು ವಚನದಲ್ಲಿಯೂ ಅಂಕಿತವನ್ನಿಟ್ಟುದರ ಅರ್ಥ ನಮಗೆ ಆಕೆಯ ಬಾಯಿಂದ ತಿಳಿಯಿತೆಂದರೆ ಅತಿಶಯೋಕ್ತಿಯಲ್ಲ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಲಕ್ಕಮ್ಮನ ಮಾರಯ್ಯಪ್ರಿಯ ಅಮರೇಶ್ವರಲಿಂಗ, ಇವು ಆಡಿದವರ ಗುರುತೂ ಹೌದು, ಸಾಕ್ಷಿಗೆ ಕರೆದ ದೈವವೂ ಹೌದು. ದೈವವನ್ನು ಸಾಕ್ಷಿಗೆ ಕರೆದ ಮೇಲೆ ಕೇಳಿದ ಕೂಗನ್ನು ಕಂಡೆನೆಂದು ಆಡಲಾದೀತೆ? ಇಂದು ಬೆಳಗಾದರೆ ಸೂರ್ಯೋದಯದ ಚಿತ್ರದ ಮೇಲೆ ಬಸವಣ್ಣನವರು ಎಂದೂ ಆಡದ ಮಾತಿಗೆ ಅವರ ಅಂಕಿತ ಅಂಟಿಸಿ ಕಳಿಸುವವರಿದ್ದಾರೆ, ನಾವೂ ಕಳಿಸಿದ್ದೇವೆ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡವೋಲೆಗಳನ್ನು ಕೂಡಿಸಿ, ಓಲೆಗೆ ಓಲೆ ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ವಚನ ಯಾರದೆಂದು ನಿಶ್ಚಯಿಸಲು ವರ್ಷಗಟ್ಟಲೆ ಕಣ್ಣು ಸವೆಸಿದ ಆ ಮಹನೀಯರ ಮುಂದೆ ನಮ್ಮ ಹೆಬ್ಬೆರಳಿನ ಅವಸರವನ್ನು ಇಟ್ಟು ನೋಡಿದರೆ ನಾಚಿಕೆಯಾಗುತ್ತದೆ. ಅಷ್ಟು ದೂರವೇಕೆ? ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಹಲವು ದಿನ ಉಪವಾಸವಿದ್ದು, ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ, "ಸದ್ದಲೇ" ಎನ್ನುವನು. ಲಕ್ಷಾಂತರ ಜನ ಮೌನವಾಗುವರು. ಆಡುವುದು ಒಂದೇ ನುಡಿ. ಅದು ನೆಲ ಮುಟ್ಟುವ ಮೊದಲೇ ಮಳೆ, ಬೆಳೆ, ಸರ್ಕಾರ ಎಂದು ನೂರು ಅರ್ಥಗಳು ಮೊಬೈಲಿನಲ್ಲಿ ಹಾರಾಡತೊಡಗುವುವು. ಒಂದು ನುಡಿಗೆ ಅಷ್ಟು ಉಪವಾಸ. ನೂರು ಅರ್ಥಕ್ಕೆ ಒಂದು ಹೊತ್ತಿನದೂ ಇಲ್ಲ.

ಹರಪನಹಳ್ಳಿಯವರಿಗೆ ಕಾಗದ ಬರೆದೆವು: "ಬಿಡುವುದು ಹೇಡಿತನವಲ್ಲ. ಮಿತದಲ್ಲಿ ನಿಲ್ಲಲಾರೆವೆಂದು ತಿಳಿದವರಿಗೆ ಪೂರ್ತಿ ಬಿಡುವುದೇ ಸುಲಭ. ಆದರೆ ಹೊರಡುವ ಮುಂಚೆ ಯಾರ ಮನೆಗೆ ಏನನ್ನು ಹಿಂದಿರುಗಿಸಬೇಕಾಗಿದೆಯೋ ನೋಡಿಕೊಳ್ಳಿರಿ. ಬಿಟ್ಟೆನೆಂದು ಅಲ್ಲಿಯೇ ಡಂಗುರ ಹೊಡೆಯಬೇಡಿರಿ." ದೀಪಾವಳಿಯ ಹೊತ್ತಿಗೆ ನಾವೂ ಬಿಟ್ಟೆವು. ವಾಟ್ಸಾಪು ಆ ಕ್ಷಣವೇ ಹೋಯಿತು. ಫೇಸ್‌ಬುಕ್ಕಿನವರು 30 ದಿನ ಬಾಗಿಲನ್ನು ಅರೆತೆರೆದಿಟ್ಟು ಕಾಯುವರು, ಮನಸ್ಸು ಬದಲಾದರೆ ಬರಬಹುದಂತೆ. ಇಪ್ಪತ್ತನೆಯ ದಿನ ನಾವು ಬಹುಮಟ್ಟಿಗೆ ಹೋಗಿಬಿಡುತ್ತಿದ್ದೆವು. ಬಿಟ್ಟ ಗುಂಪುಗಳಲ್ಲಿ ಒಂದರ ಹೆಸರು ಹರಪನಹಳ್ಳಿಯು 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೂ 2021ರಲ್ಲಿ ವಿಜಯನಗರ ಜಿಲ್ಲೆಗೂ ಸೇರಿದಾಗಲೆಲ್ಲ ಬದಲಾಗಿದ್ದಿತು. ಒಳಗಿನ ಜಗಳ ಮಾತ್ರ ಮೊದಲಿನದೇ. ಅದರ ನೆನಪು ಒಂದು ದಿನವೂ ಬಂದಿಲ್ಲ.

ನೆನಪು ಬಂದುದು ಬೇರೆಯದರದು. ಸಂಕ್ರಾಂತಿಯ ಹಿಂದಿನ ವಾರ ಕೂಡ್ಲಿಗಿಯಲ್ಲಿ ನಮ್ಮ ಬಾಲ್ಯದ ಗೆಳೆಯನು ಲಿಂಗೈಕ್ಯನಾದನು. ನಮಗೆ ತಿಳಿದುದು ಐದನೆಯ ದಿನ, ಬ್ಯಾಂಕಿನಲ್ಲಿ ಪಿಂಚಣಿಗೆ ನಿಂತಿದ್ದಾಗ. ಮಣ್ಣಿಗೆ ನಾವು ಇರಲಿಲ್ಲ. ಅರುವತ್ತು ವರ್ಷದ ಸ್ನೇಹಕ್ಕೆ ಒಂದು ಹಿಡಿ ಮಣ್ಣು ಹಾಕುವ ಋಣವೂ ತೀರಲಿಲ್ಲ. ಈ ನಷ್ಟಕ್ಕೆ ಯಾವ ಸಮಾಧಾನವನ್ನೂ ನಾವು ಕಂಡುಕೊಂಡಿಲ್ಲ. ಜಾಲತಾಣವನ್ನು ಬಿಟ್ಟುದರಿಂದಲೇ ಆದ ನಷ್ಟವಿದು, ಇದನ್ನು ಮುಚ್ಚಿಟ್ಟು ಬಿಡುವುದರ ಲಾಭವನ್ನಷ್ಟೇ ಬರೆದರೆ ಈ ಬರಹವೂ ಅಂಕಿತವಿಲ್ಲದ್ದಾಗುವುದು. ಆ ದಿನವೇ ಕೂಡ್ಲಿಗಿಗೆ ಹೋದೆವು. "ಗ್ರೂಪಿಗೆ ಹಾಕಿದ್ವಲ್ಲ ಕಾಕಾ" ಎಂದನು ಮಗ, ತಪ್ಪು ಮಾಡಿದವನಂತೆ. ಒಳಗಿನಿಂದ ತಂದೆಯ ಹಳೆಯ ಡೈರಿಯನ್ನು ತಂದು ತೋರಿಸಿದನು. ನಮ್ಮ ಹೆಸರಿನ ಮುಂದೆ ಇದ್ದುದು ಎಂದೋ ತೆಗೆಸಿಹಾಕಿದ ಮನೆಯ ದೂರವಾಣಿಯ ನಂಬರು. ಅವನ ಪೆನ್ನನ್ನೇ ಇಸಿದುಕೊಂಡು ಅದನ್ನು ಹೊಡೆದುಹಾಕಿ, ಈಗಿನದನ್ನು ಬರೆದು, ನಮ್ಮ ಮನೆಯ ಹಿರಿಯ ಮಗನ ನಂಬರನ್ನೂ ಕೆಳಗೆ ಬರೆದುಕೊಟ್ಟು ಬಂದೆವು.