ಸ್ವವಿವರ ಪತ್ರವೂ ಸತ್ಯಾಣುವ್ರತವೂ

ಉದ್ಯೋಗಾರ್ಥಿಯು ತನ್ನ ಸ್ವವಿವರ ಪತ್ರವನ್ನು ಅಂದಗೊಳಿಸಿ ಉದ್ಯೋಗದಾತರ ಗಮನ ಸೆಳೆಯಲು ಯತ್ನಿಸುವುದು ದೋಷವೇ? ಖಂಡಿತ ಅಲ್ಲ. ವರ್ತಕನು ಒಳ್ಳೆಯ ಸರಕನ್ನು ಅಂಗಡಿಯ ಮುಂಭಾಗದಲ್ಲಿಡುತ್ತಾನೆ, ಅದು ವ್ಯವಹಾರಧರ್ಮ. ತೂಕದ ಬಟ್ಟನ್ನು ಬದಲಿಸಿದರೆ ಅದು ವಂಚನೆ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಸುಳ್ಳು ಬರಹದಿಂದ ಪರರನ್ನು ವಂಚಿಸುವುದೇ ಅದು. ಪಡೆಯದ ಪದವಿ, ನಿರ್ವಹಿಸದ ಹುದ್ದೆ, ಹಿಗ್ಗಿಸಿದ ಅನುಭವ ಇವೆಲ್ಲವೂ ಅದರೊಳಗೇ ಬರುತ್ತವೆ.

ಅಮೆರಿಕದ ಯಾಹೂ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಸ್ಕಾಟ್ ಥಾಮ್ಸನ್ ಅವರ ಪರಿಚಯ ವಿವರದಲ್ಲಿ ಲೆಕ್ಕಶಾಸ್ತ್ರದೊಡನೆ ಗಣಕವಿಜ್ಞಾನದ ಪದವಿಯೂ ನಮೂದಾಗಿತ್ತು. ಅವರಿಗಿದ್ದುದು ಲೆಕ್ಕಶಾಸ್ತ್ರದ ಪದವಿ ಮಾತ್ರ. 2012ರ ಮೇ ತಿಂಗಳಲ್ಲಿ ಈ ಸಂಗತಿ ಬಯಲಾಯಿತು. ಅದೇ ತಿಂಗಳು ಅವರು ಹುದ್ದೆ ತೊರೆದರು. ಇಲ್ಲದ ಪದವಿಯು ಇದ್ದ ಪದವಿಯ ಗೌರವವನ್ನೂ ಕಳೆಯಿತು.

ಇಂಥ ಬರಹದಿಂದ ಉದ್ಯೋಗದಾತನೊಬ್ಬನೇ ನಷ್ಟಹೊಂದುವುದಿಲ್ಲ. ಅದೇ ಹುದ್ದೆಗೆ ನಿಜವನ್ನೇ ಬರೆದು ಕಳುಹಿಸಿದ ಮತ್ತೊಬ್ಬನ ಅನ್ನಕ್ಕೂ ಸಂಚಕಾರ ಬರುತ್ತದೆ. ಆದ್ದರಿಂದ ಇದು ಅಚೌರ್ಯವ್ರತಕ್ಕೂ ಸಂಬಂಧಿಸಿದ ಪ್ರಶ್ನೆ.

ಹಾಗಾದರೆ ಗಮನ ಸೆಳೆಯುವ ಬಗೆ ಹೇಗೆ? ಆ ಹುದ್ದೆಗೆ ಬೇಕಾದ ಅರ್ಹತೆ ಮೊದಲು ಬರಲಿ. ‘ಪರಿಶ್ರಮಿ’, ‘ದಕ್ಷ’ ಎಂಬ ವಿಶೇಷಣಗಳ ಸ್ಥಾನದಲ್ಲಿ ಎಷ್ಟು ವರ್ಷ, ಯಾವ ಕೆಲಸ, ಎಷ್ಟು ಜನರ ಹೊಣೆ ಎಂಬುದು ಅಂಕಿಗಳಲ್ಲಿರಲಿ. ಅಪ್ರಸ್ತುತವಾದುದನ್ನು ಬಿಡಬಹುದು, ಕೇಳಿದುದನ್ನು ಮರೆಮಾಚಬಾರದು. ಪ್ರತಿಯೊಂದು ಸಾಲಿಗೂ ಸಂದರ್ಶನದಲ್ಲಿ ತಲೆಯೆತ್ತಿ ಉತ್ತರಿಸಲಾದೀತೇ ಎಂದು ಬರೆಯುವವರು ಕೇಳಿಕೊಳ್ಳಲಿ. ಮಕ್ಕಳ ಪತ್ರವನ್ನು ತಿದ್ದಿಕೊಡುವ ಹಿರಿಯರೂ ಇದೇ ಪ್ರಶ್ನೆಯನ್ನು ಕೇಳಲಿ.